ಬಾಡಿಗೆಯ ಮನೆಗೆ ಹಳತಾಗದ ಅಲಂಕಾರ

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಕೆಲವರು ಈಚೆಗೆ ಪತ್ರಿಕೆಗಳ ಬಣ್ಣದ ಪುಟಗಳನ್ನು ತೋರಿಸಿ, “ಸ್ವಾಮಿ, ಈ ಕ್ಲಾಸಿಕ್ ಅಲಂಕಾರವೆಂದರೇನು? ನಮ್ಮಂಥವರ ಮನೆಗೆ ಅದು ಒಪ್ಪೀತೆ?” ಎಂದು ಕೇಳುತ್ತಿರುವರು. ಪುಟದಲ್ಲಿರುವುದು ಚಿನ್ನದ ಬಣ್ಣ ಬಳಿದ ಬಾಗುಗಾಲಿನ ಸೋಫಾ, ಗಾಜಿನ ತೂಗುದೀಪ, ಹೂಬಳ್ಳಿಯ ಪರದೆ. ನಮಗಿರುವುದು ಎರಡು ಕೋಣೆ, ಒಂದು ಅಡಿಗೆಮನೆ, ಗೋಡೆಗೆ ಮೊಳೆ ಹೊಡೆಯಕೂಡದೆನ್ನುವ ಮಾಲಿಕರು, ಎರಡು ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವ ಯೋಗ. ಆದರೂ ಈ ಪ್ರಶ್ನೆಯನ್ನು ನಕ್ಕು ತಳ್ಳಿಬಿಡಲು ನಮಗೆ ಮನಸ್ಸಿಲ್ಲ. ಏಕೆಂದರೆ ಇದೇ ಆಸೆಗೆ ನಾವೂ ಒಮ್ಮೆ ತಕ್ಕ ಬೆಲೆ ತೆತ್ತವರು.

ನಮ್ಮ ತಂಗಿಯನ್ನು ನೋಡಲು ವರನ ಕಡೆಯವರು ಬರುತ್ತಾರೆಂದು ತಿಳಿದಾಗ ವಿಶಾಖಪಟ್ಟಣದ ನಮ್ಮ ಮನೆಗೆ ಕಂತಿನ ಮೇಲೆ ಒಂದು ಸೋಫಾ ತಂದೆವು. ಹೊರಗೆ ತೇಗದ ಬಣ್ಣ. ಒಳಗೆ ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಅದು ನಡುಮನೆಯ ಮುಕ್ಕಾಲು ಪಾಲನ್ನು ನುಂಗಿಬಿಟ್ಟಿತು. ಬಂದವರಲ್ಲಿ ಮೂವರು ಹಿರಿಯರು ಸೋಫಾದ ಮೇಲೆ ಕುಳಿತರು, ಉಳಿದವರು ಬಾಗಿಲಲ್ಲಿ ನಿಂತೇ ಉಪ್ಪಿಟ್ಟು ತಿಂದರು. ಮುಂದಿನ ಮಳೆಗಾಲದಲ್ಲಿ ಕಡಲಗಾಳಿಯ ತೇವಕ್ಕೆ ಅದರ ಕಾಲುಗಳು ನೆನೆದ ರೊಟ್ಟಿಯಂತೆ ಉಬ್ಬಿ ಬಿರಿದವು. ಅಂಗಡಿಯವರು ಕೈ ಅಲ್ಲಾಡಿಸಿದರು. ಸೋಫಾ ಹೋಯಿತು, ಏಳು ಕಂತು ಉಳಿಯಿತು. ಅದನ್ನು ತೀರಿಸಿದ್ದು ಮದುವೆಗೆಂದು ಕೂಡಿಟ್ಟ ಹಣದಿಂದ. ಲಗ್ನಪತ್ರಿಕೆಯ ದಿನ ನಮ್ಮ ತಾಯಿಯವರು ಆ ಮುರುಕನ್ನು ಹಿತ್ತಿಲಿಗೆ ಹೊರಿಸಿ, ಊರಿನಿಂದ ತಂದಿದ್ದ ನವಲಗುಂದದ ಜಮಖಾನವನ್ನು ಹಾಸಿದರು. ಹದಿನಾಲ್ಕು ಮಂದಿ ಸುಖವಾಗಿ ಕುಳಿತರು. ಆ ಕೋಣೆ ಅಷ್ಟು ದೊಡ್ಡದೆಂದು ನಮಗೆ ಅಂದೇ ಗೊತ್ತಾದದ್ದು.

ಕಾಲ ಕಳೆದರೂ ಹಳತೆನಿಸದ ಮನೆಗಳನ್ನು ನೋಡಬೇಕೆಂದರೆ ದೂರ ಹೋಗಬೇಕಾಗಿಲ್ಲ. ನಮ್ಮ ಕಡೆಯ ತೊಟ್ಟಿಮನೆಯನ್ನು ನೆನೆಯಿರಿ. ಇಲ್ಲಿ ಕರಾವಳಿ ಆಂಧ್ರದ ಹಳ್ಳಿಗಳಲ್ಲಿ ಅದಕ್ಕೆ ಸಾಟಿಯಾದದ್ದನ್ನು ಮಂಡುವಾ ಲೋಗಿಲಿ ಎನ್ನುತ್ತಾರೆ. ಎರಡರಲ್ಲಿಯೂ ನಡುವೆ ಆಕಾಶಕ್ಕೆ ತೆರೆದ ಬಯಲು, ಸುತ್ತ ಕಂಬದ ಪಡಸಾಲೆ, ಅದರಾಚೆ ಕೋಣೆಗಳು. ಬೆಳಕೂ ಗಾಳಿಯೂ ನಡುವಿನಿಂದ ಬರುತ್ತವೆ. ಸಾಮಾನೆಲ್ಲ ಗೋಡೆಯ ಬದಿಯಲ್ಲಿರುತ್ತದೆ. ಕಣ್ಣಿಗೆ ಹಿತವಾಗುವುದು ಆ ನಡುವಿನ ಬರಿದು. ಹತ್ತಡಿ ಕೋಣೆಯಲ್ಲಿ ತೊಟ್ಟಿ ತೋಡಲಾಗದು, ನಿಜ. ಆದರೆ ನಡುವನ್ನು ಬಿಡುವಾಗಿಡಲು ಮಾಲಿಕರ ಅಪ್ಪಣೆ ಬೇಕಿಲ್ಲ. ಬೀರು, ಪೆಟ್ಟಿಗೆ, ಮೇಜು ಎಲ್ಲವನ್ನೂ ಒಂದೇ ಗೋಡೆಗೆ ಸರಿಸಿ, ಕಿಟಕಿಯ ಮುಂದೆ ಏನನ್ನೂ ಇಡದೆ ಒಂದು ವಾರ ಇದ್ದು ನೋಡಿ. ಕೊಳ್ಳಬೇಕೆಂದು ಬರೆದಿಟ್ಟ ಪಟ್ಟಿಯಲ್ಲಿ ಅರ್ಧ ತಾನಾಗಿ ಅಳಿಸಿಹೋಗುತ್ತದೆ.

ಪಶ್ಚಿಮದವರೂ ಈ ಮಾತನ್ನು ಬಲ್ಲವರೇ. 1897ರಲ್ಲಿ ಅಮೆರಿಕದ ಲೇಖಕಿ ಈಡಿತ್ ವಾರ್ಟನ್ ಅವರು ಆಗ್ಡೆನ್ ಕಾಡ್ಮನ್ ಎಂಬ ಶಿಲ್ಪಿಯೊಡನೆ ಮನೆಗಳ ಅಲಂಕಾರವನ್ನು ಕುರಿತು ಒಂದು ಪುಸ್ತಕ ಬರೆದರು. ಅವರ ಕಾಲದ ಸಿರಿವಂತರ ಕೋಣೆಗಳು ಪರದೆ, ಗೊಂಬೆ, ಮಖಮಲ್ಲುಗಳಿಂದ ಕಿಕ್ಕಿರಿದಿದ್ದವು. ಕೋಣೆಯ ಉದ್ದಗಲ, ಬಾಗಿಲು ಕಿಟಕಿಗಳ ಅಳತೆ, ಇವುಗಳ ಹೊಂದಿಕೆಯೇ ಮೊದಲು. ಮೇಲಿನ ಶೃಂಗಾರ ಆಮೇಲಿನದು ಎಂಬುದು ಅವರ ವಾದ.

ಇನ್ನು ಗೋಡೆ. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಬಳಿಯುವ ಪದ್ಧತಿಯನ್ನು ಬಡತನದ ಗುರುತೆಂದು ಭಾವಿಸಬೇಡಿ. ಸುಣ್ಣದ ಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಹೊಳಪಿನ ಬಣ್ಣದ ಕೆಳಗೆ ಸಿಕ್ಕ ತೇವ ಗುಳ್ಳೆಯಾಗಿ ಎದ್ದು ಉದುರುತ್ತದೆ. ಮೊಳೆಯ ತಕರಾರಿಗೆ ನಾವು ಕಂಡುಕೊಂಡ ಉಪಾಯವಿದು: ಮಾಲಿಕರನ್ನು ಕೇಳಿ, ಉದ್ದನೆಯ ಒಂದು ಮರದ ಪಟ್ಟಿಯನ್ನು ಎರಡೇ ತಿರುಪಿನಿಂದ ಬಿಗಿಸಿ, ದೇವರ ಪಟ, ಹಿರಿಯರ ಭಾವಚಿತ್ರ ಎಲ್ಲವನ್ನೂ ಅದರಿಂದಲೇ ದಾರಕಟ್ಟಿ ಇಳಿಬಿಡುವುದು. ತಿರುಪು ಹಿತ್ತಾಳೆಯದಾಗಿರಲಿ, ಸಮುದ್ರದ ಬದಿಯಲ್ಲಿ ಕಬ್ಬಿಣ ತುಕ್ಕಿನ ಕಣ್ಣೀರು ಸುರಿಸುತ್ತದೆ. ಇನ್ನೊಂದು ಮಾತು. ನಮ್ಮವರು ಪಟಗಳನ್ನು ಬಾಗಿಲವಾಡಕ್ಕಿಂತಲೂ ಮೇಲೆ ತೂಗುಹಾಕಿ ಕೊರಳು ನೋಯಿಸಿಕೊಳ್ಳುತ್ತಾರೆ. ನೆಲದ ಮೇಲೆ ಕುಳಿತುಕೊಳ್ಳುವ ಮನೆಯಲ್ಲಿ ಪಟದ ನಡು ನೆಲದಿಂದ ನಾಲ್ಕಡಿಯ ಎತ್ತರಕ್ಕಿದ್ದರೆ ಸಾಕು. ದೇವರ ಪಟಕ್ಕೆ ಮಾತ್ರ ಮನೆಯ ಹಿರಿಯರ ಮಾತೇ ಕೊನೆಯದು!

ಕುರ್ಚಿ ಬೇಕೇ ಬೇಕೆನ್ನುವವರು ಹಳೆಯ ಹೋಟೆಲುಗಳಲ್ಲಿದ್ದ ಬೆತ್ತದ ಆಸನದ ಬಾಗುಮರದ ಕುರ್ಚಿಯನ್ನು ಜ್ಞಾಪಿಸಿಕೊಳ್ಳಲಿ. ಅದರ ಮೂಲರೂಪವನ್ನು ಮಿಖಾಯಿಲ್ ಥೋನೆಟ್ ಎಂಬುವರು 1859ರಲ್ಲಿ ವಿಯೆನ್ನಾದಲ್ಲಿ ಹೊರತಂದರು. ಮರವನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಾಗಿಸಿದ ಆರು ತುಂಡು, ಹತ್ತು ತಿರುಪು, ಎರಡು ನಟ್ಟು, ಇಷ್ಟೇ. ಬಿಡಿಸಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಯುತ್ತಿದ್ದವು. ಕಾಫಿ ಚೆಲ್ಲಿದರೆ ಬೆತ್ತದ ಕಣ್ಣುಗಳಿಂದ ಕೆಳಗಿಳಿದುಹೋಗುತ್ತದೆ. ಬೆತ್ತ ಜೋತರೆ ಕೆಳಗಡೆಯಿಂದ ಚೆನ್ನಾಗಿ ನೀರು ಸವರಿ ಒಣಗಿಸಿದರೆ ತಕ್ಕಮಟ್ಟಿಗೆ ಬಿಗಿಯುತ್ತದೆ. ಹರಿದರೆ ಹೊಸದಾಗಿ ಹೆಣೆಸಬಹುದು. ನಮ್ಮ ಸೋಫಾಕ್ಕೆ ಈ ಗುಣವೊಂದಿದ್ದಿದ್ದರೆ ಏಳು ಕಂತನ್ನು ಅಷ್ಟು ಸಂಕಟದಿಂದ ಕಟ್ಟುತ್ತಿರಲಿಲ್ಲ.

ಪತ್ರಿಕೆಯ ಪುಟದಲ್ಲಿದ್ದ ಹೂಬಳ್ಳಿಯ ಪರದೆಯ ಕಥೆಯಂತೂ ಬಹಳ ಸ್ವಾರಸ್ಯದ್ದು. ಅದರ ವಂಶಮೂಲ ನಮ್ಮ ವಿಜಯವಾಡದ ಮಿತ್ರರ ನೆರೆಯಲ್ಲಿಯೇ ಇದೆ. 17 ಮತ್ತು 18ನೆಯ ಶತಮಾನಗಳಲ್ಲಿ ಮಚಿಲಿಪಟ್ಟಣವೇ ಮೊದಲಾದ ಕೋರಮಂಡಲ ತೀರದ ರೇವುಗಳಿಂದ ಬಣ್ಣದ ಹತ್ತಿಬಟ್ಟೆ ಯುರೋಪಿಗೆ ಹಡಗೇರುತ್ತಿತ್ತು. ಮಂಚದ ಹೊದಿಕೆಗೂ ಗೋಡೆಯ ತೂಗುಬಟ್ಟೆಗೂ ಅಲ್ಲಿನ ಶ್ರೀಮಂತರು ಅದಕ್ಕೆ ಮರುಳಾದರು. ತಮ್ಮ ನೇಕಾರರ ಗತಿಯೇನೆಂದು ಹೆದರಿ ಫ್ರಾನ್ಸ್ ದೇಶ 1686ರಲ್ಲಿ ಅದನ್ನು ನಿಷೇಧಿಸಿತು. 1759ರವರೆಗೆ ಆ ತಡೆ ಸಡಿಲಲಿಲ್ಲ. ಇಂಗ್ಲೆಂಡು 1721ರಲ್ಲಿ ಅಚ್ಚಿನ ಹತ್ತಿಬಟ್ಟೆಯನ್ನು ಉಡುವುದಕ್ಕೂ ಮನೆಯ ಅಲಂಕಾರಕ್ಕೂ ಬಳಸಬಾರದೆಂದು ಕಾನೂನು ಮಾಡಿತು. ದೊರೆಗಳು ಕಾನೂನಿನಿಂದ ತಡೆಯಬೇಕಾದ ಆ ಬಟ್ಟೆಯ ಸಂತತಿಯೇ ಇಂದಿನ ಕಲಂಕಾರಿ. ವಿಜಯವಾಡದಿಂದ ಗುಡಿವಾಡದ ಮೇಲೆ ಮಚಿಲಿಪಟ್ಟಣಕ್ಕೆ ಹೋಗುವ ರೈಲುದಾರಿಯಲ್ಲಿ ಪೆಡನ ಎಂಬ ಊರಿದೆ. ಅಲ್ಲಿ ಮರದ ಅಚ್ಚುಗಳಿಂದ ಇದನ್ನು ಒತ್ತುತ್ತಾರೆ. ಬಟ್ಟೆಯನ್ನು ಮೊದಲು ಅಳಲೆಕಾಯಿಯ ನೀರಿನಲ್ಲಿಯೂ ಹಾಲಿನಲ್ಲಿಯೂ ಅದ್ದುತ್ತಾರೆ. ತುಕ್ಕುಕಬ್ಬಿಣವನ್ನು ಬೆಲ್ಲದೊಡನೆ ಕೊಳೆಹಾಕಿದ ನೀರಿನಿಂದ ಕಪ್ಪು ಗೆರೆ. ಕೆಂಪು ಬರಬೇಕಾದ ಕಡೆ ಪಟಿಕವನ್ನು ಒತ್ತಿ, ಬಣ್ಣದ ಕೊಪ್ಪರಿಗೆಯಲ್ಲಿ ಕುದಿಸಿದಾಗ ಆ ಜಾಗವಷ್ಟೇ ಕೆಂಪೇರುತ್ತದೆ. ಪೇಟೆಯಲ್ಲಿ ಇದರ ನಕಲು ಬಹಳ. ಕೊಳ್ಳುವ ಮುನ್ನ ಹಿಂಬದಿಯನ್ನು ತಿರುಗಿಸಿ ನೋಡಿ. ಅಸಲಿಯಲ್ಲಿ ಬಣ್ಣ ಸಾಮಾನ್ಯವಾಗಿ ಬಟ್ಟೆಯೊಳಕ್ಕೆ ಇಳಿದಿರುತ್ತದೆ. ಮನೆಯಲ್ಲಿ ತಣ್ಣೀರಿನಲ್ಲಿ ಬೇರೆಯಾಗಿ ಒಗೆದು ನೆರಳಿನಲ್ಲಿ ಒಣಗಿಸಬೇಕು. ಒಂದು ಹೊದಿಕೆ ಸಾಕು: ಹಗಲು ಪೆಟ್ಟಿಗೆಗಳ ಸಾಲಿನ ಮೇಲೆ, ನೆಂಟರು ಬಂದಾಗ ಹಾಸಿಗೆಯ ಮೇಲೆ.

ವಿಶಾಖಪಟ್ಟಣದವರು ಮುನಿಯಬೇಕಾಗಿಲ್ಲ, ಅವರಿಗೆ ಏಟಿಕೊಪ್ಪಾಕ ಇದೆ. ವರಾಹ ನದಿಯ ದಡದ ಈ ಹಳ್ಳಿ ಈಗ ಅನಕಾಪಲ್ಲಿ ಜಿಲ್ಲೆಗೆ ಸೇರಿದೆ. ಇಲ್ಲಿನ ಕುಶಲಿಗರ ಕೆಲಸವನ್ನು ಕಂಡ ಕನ್ನಡಿಗನಿಗೆ ತಟ್ಟನೆ ಚನ್ನಪಟ್ಟಣ ನೆನಪಾಗುತ್ತದೆ. ಆಗಲೇಬೇಕು, ಮರ ಒಂದೇ. ನಾವು ಆಲೆಮರ ಎನ್ನುವುದನ್ನು ಇವರು ಅಂಕುಡು ಎನ್ನುತ್ತಾರೆ. ಚರಕಿಯಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ. ಆಮೇಲೆ ಎಲೆಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಗಿಡಮೂಲದ ಬಣ್ಣಗಳನ್ನು ಇಲ್ಲಿ ಮತ್ತೆ ಬಳಕೆಗೆ ತರಲು ದುಡಿದ ಸಿ. ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಕುಂಕುಮದ ಭರಣಿ, ಮಕ್ಕಳ ಬುಗುರಿ, ಇಂಥ ಎರಡು ಮೂರು ವಸ್ತು ಗೂಡಿನಲ್ಲಿದ್ದರೆ ಸಾಕು, ಕೋಣೆಗೆ ಕಳೆ ಬರುತ್ತದೆ. ಒಲೆಯ ಹತ್ತಿರ ಮಾತ್ರ ಇಡಬೇಡಿ. ಬಿಸಿಗೆ ಅರಗು ಮೆತ್ತಗಾಗುತ್ತದೆ. ನಮ್ಮ ಮಗಳು ಇಲ್ಲಿ ಹುಟ್ಟಿದವಳು, ಚನ್ನಪಟ್ಟಣವನ್ನು ಕಂಡಿಲ್ಲ. ಅಜ್ಜಿ ಕೊಟ್ಟ ಚನ್ನಪಟ್ಟಣದ ಬುಗುರಿಯನ್ನೂ ಏಟಿಕೊಪ್ಪಾಕದ ಬುಗುರಿಯನ್ನೂ ಒಟ್ಟಿಗೆ ಬಿಟ್ಟು, ಯಾವುದು ಯಾವ ಊರಿನದೆಂದು ನಮ್ಮನ್ನೇ ಪರೀಕ್ಷಿಸುತ್ತಾಳೆ. ನಾವು ಅನೇಕ ಸಲ ಸೋತಿದ್ದೇವೆ.

ವಿಜಯವಾಡದ ವೈಶಾಖದ ಬಿಸಿಲಿಗೆ ದಪ್ಪ ಪರದೆಗಿಂತ ಲಾವಂಚದ ತಡಿಕೆಯೇ ಮೇಲು. ನೀರು ಚಿಮುಕಿಸಿದರೆ ಗಾಳಿ ತಣ್ಣಗಾಗಿ ಪರಿಮಳಿಸುತ್ತದೆ. ನೋಟಕ್ಕೂ ಅದು ಕಡಿಮೆಯೇನಲ್ಲ.

ನಮ್ಮ ವಾಚನಾಲಯದಲ್ಲಿಯೂ ಎರಡು ಬೆತ್ತದ ಕುರ್ಚಿಗಳು ಹರಿದು ಮೂಲೆಗೆ ಬಿದ್ದಿವೆ. ಪ್ಲಾಸ್ಟಿಕ್ಕಿನವನ್ನು ತರೋಣವೆಂಬ ಸೂಚನೆಯೂ ಬಂದಿದೆ. ಚೌಕಟ್ಟುಗಳನ್ನು ನಾವು ಪರೀಕ್ಷಿಸಿ ನೋಡಿದೆವು, ಗಟ್ಟಿಯಾಗಿವೆ. ಬೆತ್ತ ಹೆಣೆಯುವವರ ಗುರುತು ಯಾರಿಗಾದರೂ ಇದ್ದರೆ ಭಾನುವಾರ ಬೆಳಿಗ್ಗೆ ಬರುವಾಗ ಜೊತೆಯಲ್ಲಿ ಕರೆತರಬೇಕಾಗಿ ಕೋರುತ್ತೇವೆ.