ಇಲಿಪಾಷಾಣ ತಡವಾಗಿ ಕೊಲ್ಲುವುದೇಕೆ?

ಬದುವಿನ ಬಿಲಗಳಲ್ಲಿ ಬ್ರೋಮಾಡಿಯೋಲೋನ್ ಬಿಲ್ಲೆ ಇಟ್ಟ ರೈತರು ಮರುದಿನವೇ ಬಂದು, "ಒಂದಿಲಿಯೂ ಸತ್ತಿಲ್ಲ ಸಾರ್, ನಕಲಿ ಮಾಲು" ಎನ್ನುವುದುಂಟು. ಎಷ್ಟೋ ಸಲ ಮಾಲಿನ ತಪ್ಪಲ್ಲ, ಅದು ಕೆಲಸ ಮಾಡುವ ರೀತಿಯೇ ಹಾಗೆ. ಕಾರಣವಿರುವುದು ಇಲಿಯ ಯಕೃತ್ತಿನಲ್ಲಿ, ಅಂದರೆ ಮಾಂಸದಂಗಡಿಯಲ್ಲಿ ನಾವು ಈಲಿ ಎನ್ನುವ ಅಂಗದಲ್ಲಿ.

ಈ ಕಥೆ ಶುರುವಾದದ್ದು ಮಾತ್ರ ದನಗಳಿಂದ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಸ್ವೀಟ್ ಕ್ಲೋವರ್ ಎಂಬ ದ್ವಿದಳ ಮೇವು ಬೂಷ್ಟು ಹಿಡಿದರೆ, ಅದನ್ನು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದವು. 1933ರ ಫೆಬ್ರವರಿಯ ಹಿಮಗಾಳಿಯಲ್ಲಿ ವಿಸ್ಕಾನ್ಸಿನ್ ರಾಜ್ಯದ ರೈತನೊಬ್ಬ ಸತ್ತ ಕಡಸು, ಆ ಮೇವಿನ ಹೊರೆ ಮತ್ತು ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತ ಇಷ್ಟನ್ನೂ ಹೇರಿಕೊಂಡು ಮ್ಯಾಡಿಸನ್ನಿನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ಬಾಗಿಲಿಗೆ ಬಂದನು. 1939ರಲ್ಲಿ ಲಿಂಕ್ ತಂಡ ಬೂಷ್ಟುಮೇವಿನ ವಿಷವಾದ ಡೈಕುಮರಾಲನ್ನು ಬೇರ್ಪಡಿಸಿತು. ಅದೇ ಜಾಡಿನಲ್ಲಿ 1948ರಲ್ಲಿ ವಾರ್ಫರಿನ್ ಎಂಬ ಇಲಿಪಾಷಾಣ ಬಂತು. ಬ್ರೋಮಾಡಿಯೋಲೋನ್ ಅದೇ ವಂಶದ್ದು, ಇನ್ನೂ ತೀಕ್ಷ್ಣ.

ವಿಷ ಒಳಗೆ ಮಾಡುವುದೇನೆಂಬುದು 1974ರಲ್ಲಿ ಸ್ಪಷ್ಟವಾಯಿತು. ಸ್ವೀಡನ್ನಿನ ಸ್ಟೆನ್‌ಫ್ಲೋ ಮತ್ತು ಸಂಗಡಿಗರು ಡೈಕುಮರಾಲ್ ಕೊಟ್ಟ ಹಸುವಿನ ರಕ್ತವನ್ನು ಆರೋಗ್ಯವಂತ ಹಸುವಿನ ರಕ್ತದೊಡನೆ ಹೋಲಿಸಿದರು. ಹೆಪ್ಪುಗಟ್ಟಿಸುವ ಪ್ರೋಥ್ರಾಂಬಿನ್ ಎಂಬ ಪ್ರೋಟೀನು ಎರಡರಲ್ಲೂ ಇತ್ತು. ಆದರೆ ವಿಷವುಂಡ ಹಸುವಿನದಕ್ಕೆ ಕ್ಯಾಲ್ಸಿಯಂ ಹಿಡಿಯುವ ಕೊಂಡಿಗಳೇ ಇರಲಿಲ್ಲ, ಹೀಗಾಗಿ ಅದು ಇದ್ದೂ ಇಲ್ಲದಂತೆ. ಮರುವರ್ಷ ಮ್ಯಾಡಿಸನ್ನಿನಲ್ಲೇ ಸಟ್ಟಿಯವರ ತಂಡ ಇಲಿಯ ಈಲಿಯನ್ನು ಅರೆದು, ವಿಟಮಿನ್ ಕೆ ಮತ್ತು ಗುರುತು ಹಚ್ಚಿದ ಇಂಗಾಲ ಬೆರೆಸಿತು. ಆ ಇಂಗಾಲ ಹೋಗಿ ಪ್ರೋಥ್ರಾಂಬಿನ್ನಿಗೆ ಕೂಡಿಕೊಂಡಿತು. ಕೊಂಡಿ ಹಾಕುವ ಕಿಣ್ವ, ಕಾರ್ಬಾಕ್ಸಿಲೇಸ್, ಅಲ್ಲಿದೆ ಎಂಬುದಕ್ಕೆ ಇದೇ ಸಾಕ್ಷಿ. ಈ ಕಿಣ್ವಕ್ಕೆ ವಿಟಮಿನ್ ಕೆ ಬೇಕೇ ಬೇಕು. ಬಳಸಿದ ವಿಟಮಿನ್ನನ್ನು ಮತ್ತೆ ಬಳಕೆಗೆ ತರುವ ಇನ್ನೊಂದು ಕಿಣ್ವವನ್ನು ವಿಷ ಕಟ್ಟಿಹಾಕುತ್ತದೆ.

ಆದರೆ ಮೊದಲೇ ತಯಾರಾಗಿ ರಕ್ತದಲ್ಲಿರುವ ಪ್ರೋಟೀನು ತೀರಲು ಕೆಲವು ದಿನ ಬೇಕಲ್ಲ. ಇಲಿ ಸಾಯಲು ಮೂರು ನಾಲ್ಕು ದಿನ, ಕೆಲವೊಮ್ಮೆ ವಾರ ಹಿಡಿಯುವುದು ಅದಕ್ಕೇ. ಇದು ರೈತನಿಗೆ ಲಾಭವೇ, ಜೊತೆಯ ಇಲಿಗಳಿಗೆ ಬಿಲ್ಲೆಯ ಮೇಲೆ ಅನುಮಾನ ಹುಟ್ಟುವುದಿಲ್ಲ.

ಇದೇ ತಡ ಮನುಷ್ಯರನ್ನು ಮೋಸಗೊಳಿಸುತ್ತದೆ. ಮಗುವೋ ನಾಯಿಯೋ ಬಿಲ್ಲೆ ತಿಂದರೆ, "ಆಡಿಕೊಂಡೇ ಇದೆ" ಎಂದು ಸುಮ್ಮನಿರಬೇಡಿ. ವಸಡಿನಲ್ಲಿ ರಕ್ತ ಕಾಣುವವರೆಗೆ ಕಾಯದೆ ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ. ವಿಟಮಿನ್ ಕೆ1 ಇದಕ್ಕೆ ಮದ್ದು. ಬ್ರೋಮಾಡಿಯೋಲೋನ್ ದೇಹದಲ್ಲಿ ಬಹುದಿನ ಉಳಿಯುವುದರಿಂದ ಒಂದೇ ಸೂಜಿಗೆ ಮುಗಿಯುವುದಿಲ್ಲ, ವೈದ್ಯರು ಹೇಳಿದಷ್ಟು ದಿನ ಕೊಡಿಸಬೇಕು. ಪೊಟ್ಟಣವನ್ನೂ ಮರೆಯದೆ ಒಯ್ಯಿರಿ. ತಿಂದದ್ದು ಜಿಂಕ್ ಫಾಸ್ಫೈಡ್ ಆಗಿದ್ದರೆ ಈ ಮದ್ದು ನಾಟದು. ಸತ್ತ ಇಲಿಗಳನ್ನು ಆಳವಾಗಿ ಹೂಳಿ. ಅವನ್ನು ತಿಂದ ಗೂಬೆಗೂ ಅದೇ ಗತಿಯಾದೀತು, ಇಲಿ ಹಿಡಿಯುವುದರಲ್ಲಿ ಅದು ನಮಗಿಂತ ಜಾಣ.