ಒಡಹುಟ್ಟಿದವರ ಮಜ್ಜೆ ಪಡೆಯುವ ಮುನ್ನ

ಲ್ಯುಕೇಮಿಯಾ ತಂದೆ-ತಾಯಿಯಿಂದ ಮಕ್ಕಳಿಗೆ ಬರುವ ಕಾಯಿಲೆಯಲ್ಲ ಎಂದು ರೋಗಿಯ ಮನೆಯವರಿಗೆ ಧೈರ್ಯ ಹೇಳುವುದು ವಾಡಿಕೆ. ಆ ಮಾತು ಬಹುಮಟ್ಟಿಗೆ ನಿಜ. ಮೂಳೆಮಜ್ಜೆಯಲ್ಲಿ ರಕ್ತಕಣಗಳನ್ನು ಹುಟ್ಟಿಸುವ ಕೋಶಗಳು ಜೀವಮಾನವಿಡೀ ಒಡೆದು ಎರಡಾಗುತ್ತಲೇ ಇರುತ್ತವೆ. ಹಾಗೆ ಒಡೆಯುವಾಗ ಯಾವುದೋ ಒಂದು ಕೋಶದ ಡಿಎನ್‌ಎಯಲ್ಲಿ ತಪ್ಪಿನ ಮೇಲೆ ತಪ್ಪು ಸೇರಿ ಕ್ಯಾನ್ಸರ್ ಶುರುವಾಗುತ್ತದೆ. ಆ ತಪ್ಪುಗಳು ಆ ಕೋಶದ ಸಂತತಿಯಲ್ಲೇ ಉಳಿಯುತ್ತವೆ, ರೋಗಿಯ ಮಕ್ಕಳಿಗೆ ದಾಟುವುದಿಲ್ಲ. ಆದರೆ ಕೆಲವು ಕುಟುಂಬಗಳಲ್ಲಿ ಮೊದಲ ತಪ್ಪು ಹುಟ್ಟುವಾಗಲೇ ಮೈಯ ಎಲ್ಲ ಕೋಶಗಳಲ್ಲೂ ಇರುತ್ತದೆ. ಇಂಥವರು ಕಡಿಮೆ ಎಂಬ ಕಾರಣಕ್ಕೆ ಅವರನ್ನು ಹುಡುಕುವುದನ್ನೇ ಬಿಟ್ಟರೆ ಚಿಕಿತ್ಸೆಯೇ ದಾರಿ ತಪ್ಪಬಹುದು ಎಂಬುದು ನನ್ನ ವಾದ.

ಇಂದು ರನ್‌ಎಕ್ಸ್-1 ಎಂದು ಕರೆಯುವ ಜೀನನ್ನೇ ನೋಡಿ. ಅದು 21ನೇ ಕ್ರೋಮೋಸೋಮಿನಲ್ಲಿದೆ. ರಕ್ತಕಣಗಳು ಬಲಿಯುವುದಕ್ಕೆ ಬೇಕಾದ ಎಷ್ಟೋ ಜೀನ್‌ಗಳು ಅದರ ಹಿಡಿತದಲ್ಲಿವೆ. ಅದರ ಎರಡು ಪ್ರತಿಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೆ ಏನಾಗುತ್ತದೆಂದು 1999ರಲ್ಲಿ ತಿಳಿಯಿತು. ಅಂಥವರಲ್ಲಿ ಪ್ಲೇಟ್‌ಲೆಟ್‌ಗಳು ತುಸು ಕಡಿಮೆ, ಇರುವವೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಚಿಕ್ಕ ಪೆಟ್ಟಿಗೂ ಮೈ ಕಂದುಗಟ್ಟುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ, ಹಲ್ಲು ಕೀಳಿಸಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಕೆಲವರಲ್ಲಿ ಇದ್ಯಾವುದೂ ಕಾಣಿಸದೆಯೂ ಇರಬಹುದು. ಇವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿಗೆ ಮುಂದೆ ರಕ್ತದ ಕ್ಯಾನ್ಸರ್ ಬರುತ್ತದೆಂಬ ಅಂದಾಜಿದೆ. ರೋಗನಿರೋಧಕ ಶಕ್ತಿಯೇ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವ ಇನ್ನೊಂದು ಕಾಯಿಲೆಯೆಂದು ತಪ್ಪು ತಿಳಿದು, ಇವರಿಗೆ ಸ್ಟೀರಾಯ್ಡ್ ಕೊಟ್ಟ, ಗುಲ್ಮವನ್ನೇ ತೆಗೆದುಹಾಕಿದ ಪ್ರಕರಣಗಳೂ ದಾಖಲಾಗಿವೆ. 2015ರಲ್ಲಿ ಬೆಳಕಿಗೆ ಬಂದ ಡಿಡಿಎಕ್ಸ್-41 ಜೀನಿನ ಕಥೆ ಇನ್ನಷ್ಟು ಮೋಸಗೊಳಿಸುವಂಥದು. ಅದರ ದೋಷವಿರುವವರು ದಶಕಗಳ ಕಾಲ ಆರೋಗ್ಯವಾಗಿದ್ದು, ಸಾಮಾನ್ಯವಾಗಿ ಅರವತ್ತು ದಾಟಿದ ಮೇಲೆ ಕಾಯಿಲೆ ಬೀಳುತ್ತಾರೆ. ವಯಸ್ಸಾದ ಮೇಲೆ ಬಂದ ಕ್ಯಾನ್ಸರನ್ನು ಆನುವಂಶಿಕವೆಂದು ಯಾರು ತಾನೇ ಶಂಕಿಸುತ್ತಾರೆ?

ಶಂಕಿಸಲೇಬೇಕಾದ ಘಳಿಗೆಯೆಂದರೆ ಮಜ್ಜೆ ಕಸಿ. ಒಡಹುಟ್ಟಿದವರಲ್ಲಿ ಒಬ್ಬರ ಮಜ್ಜೆ ರೋಗಿಗೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದಿತೆಂದರೆ ಮನೆಗೆಲ್ಲ ನಿರಾಳ. ಆದರೆ ರೋಗಿಗೆ ಇಂಥ ದೋಷ ತಂದೆಯಿಂದಲೋ ತಾಯಿಯಿಂದಲೋ ಬಂದಿದ್ದರೆ ಅದೇ ದೋಷ ದಾನಿಯಲ್ಲೂ ಇರುವ ಸಾಧ್ಯತೆ ಎರಡರಲ್ಲಿ ಒಂದು. ಗಟ್ಟಿಮುಟ್ಟಾಗಿ ಕಾಣುವ ತಮ್ಮನ ಮಜ್ಜೆಯನ್ನು ಅಕ್ಕನಿಗೆ ಕೊಟ್ಟು, ಮುಂದೆ ಆ ತಮ್ಮನ ಕೋಶಗಳಿಂದಲೇ ಹೊಸ ಲ್ಯುಕೇಮಿಯಾ ಹುಟ್ಟಿದರೆ ಅಷ್ಟೂ ಕಷ್ಟಪಟ್ಟದ್ದಕ್ಕೆ ಏನರ್ಥ? ಇದು ಕಲ್ಪನೆಯಲ್ಲ, ವೈದ್ಯಸಾಹಿತ್ಯದಲ್ಲಿ ಇಂಥ ಪ್ರಕರಣಗಳು ವರದಿಯಾಗಿವೆ. ದೋಷ ಹುಟ್ಟಿನಿಂದ ಬಂದದ್ದೇ ಎಂದು ತಿಳಿಯಲು ರೋಗಿಯ ರಕ್ತ ಸಾಲದು, ಅದರಲ್ಲಿ ಕ್ಯಾನ್ಸರ್ ಕೋಶಗಳೇ ತುಂಬಿರುತ್ತವೆ. ಎಂಜಲಿನಲ್ಲೂ ಬಿಳಿ ರಕ್ತಕಣಗಳು ಬೆರೆತಿರುತ್ತವೆ. ಅದಕ್ಕಾಗಿ ಅಕ್ಕಿಕಾಳಿನಷ್ಟು ಚರ್ಮ ತೆಗೆದು, ಅದರ ಕೋಶಗಳನ್ನು ಪ್ರಯೋಗಾಲಯದಲ್ಲಿ ವಾರಗಟ್ಟಲೆ ಬೆಳೆಸಿ ಪರೀಕ್ಷಿಸಬೇಕು. ಕಸಿಯ ದಿನ ಹತ್ತಿರವಾದ ಮೇಲೆ ಶುರುಮಾಡುವ ಕೆಲಸ ಇದಲ್ಲ.

ಹಾಗಾದರೆ ಊರಿಗೆಲ್ಲ ಪರೀಕ್ಷೆ ಮಾಡಬೇಕೇ ಎಂದು ಕೇಳಬಹುದು. ಖಂಡಿತ ಬೇಡ. ಆನುವಂಶಿಕ ಅಪಾಯಗಳೆಲ್ಲ ಒಂದೇ ತೂಕದವಲ್ಲ. ಮಕ್ಕಳಲ್ಲಿ ಹೆಚ್ಚು ಕಾಣುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾಕ್ಕೆ ಎಆರ್‌ಐಡಿ-5ಬಿ ಎಂಬ ಜೀನಿನ ಸಾಮಾನ್ಯ ರೂಪಭೇದವೊಂದು ನಂಟಾಗಿದೆಯೆಂದು 2009ರಲ್ಲಿ ಎರಡು ತಂಡಗಳು ತೋರಿಸಿದವು. ಅದರ ಒಂದು ಪ್ರತಿ ಇದ್ದರೆ ಅಪಾಯ ಸುಮಾರು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚುತ್ತದೆ. ಕೇಳಲು ಹೆದರಿಕೆಯಾಗುತ್ತದೆ, ಆದರೆ ಈ ಕಾಯಿಲೆ ಬರುವುದು ಸುಮಾರು 2,000 ಮಕ್ಕಳಲ್ಲಿ ಒಬ್ಬರಿಗೆ. ಅಪಾಯ ಅಷ್ಟು ಹೆಚ್ಚಿದರೂ ಸಾವಿರಕ್ಕೆ ಒಬ್ಬರಿಗೂ ಬಾರದು. ಇಂಥದ್ದನ್ನು ಆರೋಗ್ಯವಂತ ಮಗುವಿನಲ್ಲಿ ಹುಡುಕಿದರೆ ತಂದೆ-ತಾಯಿಯ ನಿದ್ದೆ ಕೆಡುವುದೇ ಹೊರತು ಬೇರೆ ಲಾಭವಿಲ್ಲ. ನಾನು ಹೇಳುತ್ತಿರುವುದು ರೋಗಿಯಿಂದ ಶುರುವಾಗಿ ಅವರ ಹತ್ತಿರದ ರಕ್ತಸಂಬಂಧಿಗಳವರೆಗೆ ಹೋಗುವ ವಿಚಾರಣೆಯನ್ನು ಮಾತ್ರ.

ಇನ್ನೊಂದು ಆಕ್ಷೇಪವನ್ನು ನಾನು ಹಗುರವಾಗಿ ನೋಡಲಾರೆ. ಮನೆತನದಲ್ಲಿ ದೋಷವಿದೆಯೆಂಬ ಸುದ್ದಿ ಹಬ್ಬಿದರೆ ನಮ್ಮಲ್ಲಿ ಹೆಣ್ಣುಮಕ್ಕಳ ಮದುವೆಯ ಮಾತುಕತೆಯೇ ನಿಲ್ಲಬಹುದು. ಆದ್ದರಿಂದಲೇ ಫಲಿತಾಂಶ ಗುಟ್ಟಾಗಿರಬೇಕು, ಪರೀಕ್ಷೆಗೆ ಮೊದಲೇ ಬಲ್ಲವರು ಕೂತು ವಿವರಿಸಬೇಕು, ಬೇಡವೆನ್ನುವ ಹಕ್ಕು ಪ್ರತಿ ಸಂಬಂಧಿಗೂ ಇರಬೇಕು. ಕ್ಯಾನ್ಸರ್ ಬಾರದಂತೆ ತಡೆಯುವ ಮದ್ದೇ ಇಲ್ಲದಿರುವಾಗ ತಿಳಿದು ಪ್ರಯೋಜನವೇನು ಎನ್ನುವವರೂ ಇದ್ದಾರೆ. ಮದ್ದಿಲ್ಲ, ನಿಜ. ಆದರೂ ಯಾರು ದಾನಿಯಾಗಬಾರದೆಂದು ತಿಳಿಯುತ್ತದೆ, ಗುಲ್ಮ ಉಳಿಯುತ್ತದೆ, ಆಗಾಗ ಮಾಡಿಸುವ ರಕ್ತಕಣಗಳ ಎಣಿಕೆಯಲ್ಲಿ ಏರುಪೇರು ಕಂಡರೆ ತಡಮಾಡದೆ ಮಜ್ಜೆ ಪರೀಕ್ಷಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2016ರ ರಕ್ತ ಕ್ಯಾನ್ಸರ್ ವರ್ಗೀಕರಣದಲ್ಲಿ ಹುಟ್ಟಿನಿಂದ ಬಂದ ದೋಷಗಳಿಗೆ ಪ್ರತ್ಯೇಕ ಜಾಗವಿದೆ. ಇಷ್ಟಕ್ಕೆಲ್ಲ ಮೊದಲ ಹೆಜ್ಜೆ ದುಬಾರಿಯದೇನಲ್ಲ: ಮನೆಯಲ್ಲಿ ಬೇರೆ ಯಾರಿಗಾದರೂ ರಕ್ತದ ಕ್ಯಾನ್ಸರ್ ಬಂದಿತ್ತೇ, ಪ್ಲೇಟ್‌ಲೆಟ್ ಕಡಿಮೆಯೆಂದು ಯಾರಿಗಾದರೂ ಹೇಳಿದ್ದರೇ, ಬಾಣಂತನದಲ್ಲೋ ಹಲ್ಲು ಕೀಳಿಸಿದಾಗಲೋ ಯಾರಿಗಾದರೂ ರಕ್ತ ನಿಲ್ಲದೆ ಹೋಗಿತ್ತೇ ಎಂದು ಲ್ಯುಕೇಮಿಯಾ ಪತ್ತೆಯಾದ ವಾರದಲ್ಲೇ ಅಜ್ಜಿ-ತಾತಂದಿರ ಕಾಲದವರೆಗೂ ಕೇಳಿ ಬರೆದಿಡುವುದು.