ನೈಟ್ರೋ ಕಾರ್: ಹೊಗೆ ಬರ್ಲಿ ಬಿಡಿ
ಪೀಣ್ಯದ ನಮ್ಮ ಮನೆ ತಾರಸಿಯಲ್ಲಿ 1:10 ಅಳತೆಯ ನೈಟ್ರೋ ರಿಮೋಟ್ ಕಾರ್ ಜೋಡಿಸಿದೆ. ಮೊದಲ ಇಂಜಿನ್ ನಾನೇ ಹಾಳು ಮಾಡ್ಕೊಂಡೆ. ಕಾರಣ ಅವಸರ.

ಇದರ ಇಂಧನ ಅಂದ್ರೆ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ. ಬೇರೆ ಇಂಜಿನ್ ಆಯಿಲ್ ಇಲ್ಲ. ಇಂಧನದಲ್ಲಿರೋ ಎಣ್ಣೆಯೇ ಪಿಸ್ಟನ್ ಕಾಯೋದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ, ಗಾಳಿ ತೆಳು. ಹಾಗಾಗಿ ಕಂಪನಿ ಸೆಟ್ಟಿಂಗ್‌ಗೆ ಇಲ್ಲಿ ಹೊಗೆ ಜಾಸ್ತಿ, ಓಟ ಮಂದ. ನಾನು ನೀಡಲ್ ಒಂದೇ ಸಲ ಬಿಗಿ ಮಾಡಿದೆ. ಇಂಧನದ ಜೊತೆ ಎಣ್ಣೆನೂ ಕಮ್ಮಿ ಆಯ್ತು. ವೇಗ ಬಂತು, ಇಂಜಿನ್ ಕಚ್ಕೊಂಡು ನಿಂತೋಯ್ತು.

ಮೊದಲ ನಾಲ್ಕೈದು ಟ್ಯಾಂಕ್ ಹೊಗೆ ಬಿಡ್ತಾ ನಿಧಾನ ಓಡ್ಲಿ. ಆಮೇಲೆ ಪ್ರತಿ ಸಲ ಸುತ್ತಿನ 1/16 ಭಾಗ ಮಾತ್ರ ಬಿಗಿ ಮಾಡಿ, ಓಡ್ಸಿ ನೋಡಿ. ಹೊಗೆಯ ಗೆರೆ ಮಾಯವಾದ್ರೆ ತಕ್ಷಣ ಸಡಿಲಿಸಿ. ಆ ಹೊಗೇನೇ ನಿಮ್ಮ ದುಡ್ಡಿನ ಇನ್ಶೂರೆನ್ಸ್.